ಅಂಗೈಯಗಲದ ತೆರೆ ಮತ್ತು ಸರ್ಕಾರಿ ಜಾಲತಾಣದ ಮರುವಿನ್ಯಾಸ

ಕಾಗವಾಡ ತಾಲ್ಲೂಕಿನ ಶಿರಗುಪ್ಪಿ ಕಬ್ಬಿನ ಸೀಮೆಯ ಊರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಮಹಾರಾಷ್ಟ್ರದ ಗಡಿ. ಇಲ್ಲಿನ ರೈತನಿಗೆ ವರ್ಷದಲ್ಲಿ ಹಲವು ಸಲ ಸರ್ಕಾರದ ಜಾಲತಾಣದ ಕೆಲಸ ಬೀಳುತ್ತದೆ. ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಹೆಸರು ಸರಿಯಾಗಿದೆಯೇ, ಬೆಳೆ ಪರಿಹಾರದ ಪಟ್ಟಿಯಲ್ಲಿ ತಾನಿದ್ದೇನೆಯೇ, ಮನೆಯಾಕೆಯ ಗೃಹಲಕ್ಷ್ಮಿ ಅರ್ಜಿ ಏನಾಯಿತು, ಮಳೆಗಾಲದಲ್ಲಿ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ನೀರು ಬರುತ್ತಿದೆ ಎಂದೆಲ್ಲ ನೋಡಬೇಕು. ನೋಡುವುದು ಕಿಸೆಯಲ್ಲಿರುವ ಫೋನಿನಲ್ಲಿ. ಆದರೆ ಆ ಪುಟಗಳನ್ನು ಕಟ್ಟಿದವರೂ ಅದಕ್ಕೆ ಒಪ್ಪಿಗೆಯ ಸಹಿ ಹಾಕಿದವರೂ ನೋಡಿದ್ದು ಮೇಜಿನ ಮೇಲಿನ ದೊಡ್ಡ ತೆರೆಯಲ್ಲಿ. ಈ ಎರಡು ತೆರೆಗಳಿಗೂ ಒಂದೇ ತಾಣವನ್ನು ಹೇಗೆ ಹೊಂದಿಸಬೇಕು, ಹಳೆಯದನ್ನು ತೆಗೆದು ಹೊಸದನ್ನು ಯಾವ ರೀತಿ ಜನರ ಕೈಗೆ ಕೊಡಬೇಕು ಎಂಬುದು ಈಗ ಹದಿನೈದು ವರ್ಷ ದಾಟಿದ ಚರ್ಚೆ.

ತೆರೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟವನ್ನು ರೆಸ್ಪಾನ್ಸಿವ್ ಎನ್ನುತ್ತಾರೆ. ಸರ್ಕಾರಿ ಟೆಂಡರುಗಳಲ್ಲಿ ಈ ಮಾತು ಈಗ ಖಾಯಂ ಷರತ್ತಾಗಿದೆ. ಚರ್ಚೆಗೆ ಮೂರು ಪದರಗಳಿವೆ: ಪುಟದ ಆಕಾರ, ಅದರೊಳಗಿನ ವಿಷಯ ಮತ್ತು ಹೊಸ ತಾಣವನ್ನು ತೆರೆಯುವ ದಿನ. ಆಕಾರದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ, ಆದರೂ ನಾವು ದುಡ್ಡು ಸುರಿಯುತ್ತಿರುವುದು ಅದಕ್ಕೇ. ಬಗೆಹರಿಯದ ಇನ್ನೆರಡನ್ನು ಟೆಂಡರಿನ ಕೊನೆಯ ಪುಟಕ್ಕೆ ತಳ್ಳಿದ್ದೇವೆ. ಈ ಲೇಖನದ ವಾದ ಇಷ್ಟೇ.

ಹಿಗ್ಗುವ ಪುಟ, ಕುಗ್ಗದ ಪುಟ

ವೆಬ್ ಪುಟಕ್ಕೆ ಮೊದಲಿನಿಂದಲೂ ನಿರ್ದಿಷ್ಟ ಅಗಲವೆಂಬುದು ಇರಲಿಲ್ಲ. ಕಿಟಕಿ ಚಿಕ್ಕದಾದರೆ ಸಾಲುಗಳು ತಾವಾಗಿ ಮುರಿದು ಕೆಳಗಿಳಿಯುತ್ತಿದ್ದವು. ಅದಕ್ಕೆ ಅಚ್ಚಿನ ಪುಟದ ಬಿಗಿಯನ್ನು ತಂದವರು ವಿನ್ಯಾಸಕಾರರು. ಕಂಪ್ಯೂಟರ್ ತೆರೆಗಳು ದೊಡ್ಡದಾಗುತ್ತಿದ್ದ ಕಾಲದಲ್ಲಿ 960 ಪಿಕ್ಸೆಲ್ ಅಗಲದ ಪುಟವೇ ಶಿಸ್ತು ಎನಿಸಿಕೊಂಡಿತು. ಇದು ತಪ್ಪು ದಾರಿ, ವೆಬ್ಬಿನ ಸಡಿಲತೆಯನ್ನೇ ಅದರ ಗುಣವೆಂದು ಒಪ್ಪಿಕೊಳ್ಳಿ ಎಂದು ಆಸ್ಟ್ರೇಲಿಯಾದ ಜಾನ್ ಆಲ್‌ಸಾಪ್ 2000ದಲ್ಲೇ ಬರೆದಿದ್ದರು. ಆಗ ಕಿವಿಗೊಟ್ಟವರು ಕಡಿಮೆ.

2007ರಲ್ಲಿ ಐಫೋನ್ ಬಂದಾಗ ಅದರ ಬ್ರೌಸರ್ ಒಂದು ಉಪಾಯ ಮಾಡಿತು. ತಾನು 980 ಪಿಕ್ಸೆಲ್ ಅಗಲದ ತೆರೆ ಎಂದು ನಟಿಸಿ ಇಡೀ ಪುಟವನ್ನು ಚಿಕ್ಕದಾಗಿಸಿ ತೋರಿಸಿತು. ಎರಡು ಬೆರಳಿನಿಂದ ಹಿಗ್ಗಿಸಿ ಓದುವ ಅಭ್ಯಾಸ ಶುರುವಾದದ್ದು ಅಲ್ಲಿಂದ. ಇಂದಿಗೂ ಯಾವುದಾದರೂ ತಾಣ ಫೋನಿನಲ್ಲಿ ಇರುವೆ ಸಾಲಿನಂತೆ ಕಂಡರೆ, ಬಹಳ ಸಲ ಅದರ ತಲೆಬರಹದ ಸಂಕೇತದಲ್ಲಿ ಇರಬೇಕಾದ ಒಂದೇ ಒಂದು ಸಾಲು ಬಿಟ್ಟುಹೋಗಿರುತ್ತದೆ, ಅಷ್ಟೆ.

ಆಮೇಲೆ ದೊಡ್ಡ ಸಂಸ್ಥೆಗಳು ಮೊಬೈಲಿಗೆಂದೇ ಬೇರೆ ತಾಣ ಕಟ್ಟಿದವು. ವಿಳಾಸದ ಮುಂದೆ 'ಎಂ' ಅಕ್ಷರ ಸೇರಿಸಿದ ತಾಣಗಳವು. ಇದು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದಂತಾಯಿತು. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಹಳೆಯದಾಗಿಯೇ ಉಳಿಯಿತು. 2010ರ ಮೇ ತಿಂಗಳಲ್ಲಿ ಅಮೆರಿಕದ ಈಥನ್ ಮಾರ್ಕೊಟ್ ಇದಕ್ಕೆ ಪರ್ಯಾಯ ಸೂಚಿಸಿದರು. ಅವರ ಸೂತ್ರದಲ್ಲಿ ಮೂರೇ ಅಂಶ: ಪ್ರಮಾಣದಲ್ಲಿ ಅಳೆದ ಅಂಕಣಗಳು, ಜಾಗಕ್ಕೆ ತಕ್ಕಂತೆ ಕುಗ್ಗುವ ಚಿತ್ರಗಳು, ತೆರೆಯ ಅಗಲವನ್ನು ವಿಚಾರಿಸಿ ಪುಟದ ಜೋಡಣೆ ಬದಲಿಸುವ ನಿಯಮಗಳು. ಮರುವರ್ಷ ಬೋಸ್ಟನ್ ಗ್ಲೋಬ್ ಪತ್ರಿಕೆಯ ತಾಣ ಈ ಸೂತ್ರದ ಮೇಲೆ ಎದ್ದು ನಿಂತಿತು. 2015ರ ಏಪ್ರಿಲ್‌ನಲ್ಲಿ ಗೂಗಲ್, ಫೋನಿಗೆ ಹೊಂದದ ಪುಟಗಳನ್ನು ಮೊಬೈಲ್ ಹುಡುಕಾಟದಲ್ಲಿ ಕೆಳಕ್ಕಿಳಿಸತೊಡಗಿದ ಮೇಲೆ ವ್ಯಾಪಾರಿ ಜಗತ್ತಿನಲ್ಲಿ ವಾದವೇ ನಿಂತಿತು.

ಕನ್ನಡದ ದಾರಿ ಬೇರೆಯದು. 1996ರಲ್ಲಿ 'ವಿಶ್ವಕನ್ನಡ' ಜಾಲಪತ್ರಿಕೆ ಬಂದಾಗಿನಿಂದ ಹತ್ತಾರು ವರ್ಷ ನಮ್ಮ ಚಿಂತೆ ಪುಟದ ಅಗಲದ್ದಾಗಿರಲಿಲ್ಲ, ಅಕ್ಷರ ಮೂಡುವುದೇ ಚಿಂತೆಯಾಗಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಟ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಫೋನಿಗಂತೂ ಫಾಂಟ್ ಹಾಕಿಕೊಳ್ಳುವ ಹಾದಿಯೇ ಇರಲಿಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡವಿದ್ದರೂ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ 4.1 ಆವೃತ್ತಿಯಿಂದ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಓದುಗ ಒಮ್ಮೆಲೇ ಜಾಲಕ್ಕೆ ಬಂದ. ಅವನು ಡೆಸ್ಕ್‌ಟಾಪ್ ಮೆಟ್ಟಿಲನ್ನು ಹತ್ತಲೇ ಇಲ್ಲ. ಆದರೆ ಸರ್ಕಾರದ ಪುಟಗಳು ಆ ಮೆಟ್ಟಿಲ ಮೇಲೆಯೇ ಕುಳಿತಿದ್ದವು.

ಆಕಾರದ ಬಗ್ಗೆ ನಾಲ್ಕು ನಿಲುವು

ಒಂದೇ ತಾಣ ಎಲ್ಲ ತೆರೆಗೂ ಸಾಕು ಎನ್ನುವವರದು ಮಾರ್ಕೊಟ್ ಪಂಥ. ಒಂದೇ ವಿಳಾಸ, ಒಂದೇ ಪ್ರತಿ, ಒಂದೇ ಕಡೆ ತಿದ್ದುಪಡಿ. ಸರ್ಕಾರಗಳಿಗೆ ಇದು ಒಗ್ಗುತ್ತದೆ, ಏಕೆಂದರೆ ಇಲಾಖೆಯಲ್ಲಿ ಪುಟ ತಿದ್ದುವವರು ಒಬ್ಬರೋ ಇಬ್ಬರೋ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿ 2009ರಲ್ಲಿ ಮೊದಲು ಬಂತು, 2023ರಲ್ಲಿ ಅದರ ಮೂರನೇ ಆವೃತ್ತಿ ಹೊರಬಂತು. ರಾಷ್ಟ್ರೀಯ ಮಾಹಿತಿ ಕೇಂದ್ರವು ಸಿದ್ಧ ಚೌಕಟ್ಟೊಂದನ್ನು ರೂಪಿಸಿ ಜಿಲ್ಲೆಗಳಿಗೆ ಹಂಚಿತು. ಬೆಳಗಾವಿಯೂ ಸೇರಿ ಬಹಳಷ್ಟು ಜಿಲ್ಲೆಗಳ ತಾಣಗಳು ಇಂದು ಒಂದೇ ಮುಖದಲ್ಲಿ, ಫೋನಿಗೆ ಹೊಂದಿ ಕಾಣುವುದು ಅದರಿಂದಲೇ. ಆಕಾರದ ಪ್ರಶ್ನೆ ಬಗೆಹರಿದಿದೆ ಎಂದು ಹೇಳಿದ್ದು ಈ ಕಾರಣಕ್ಕೆ.

ಎರಡನೆಯವರು 'ಮೊದಲು ಮೊಬೈಲ್' ಎನ್ನುತ್ತಾರೆ. ಲ್ಯೂಕ್ ರೊಬ್ಲೆವ್ಸ್ಕಿ 2011ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ದೊಡ್ಡ ಪುಟವನ್ನು ಕುಗ್ಗಿಸಬೇಡಿ, ಚಿಕ್ಕ ತೆರೆಗೆ ಏನು ಬೇಕೋ ಅದರಿಂದ ಆರಂಭಿಸಿ ಎಂಬುದು ಅವರ ವಾದ. ಇದು ತಂತ್ರಕ್ಕಿಂತ ಹೆಚ್ಚಾಗಿ ರಾಜಕೀಯದ ಮಾತು. ಚಿಕ್ಕ ತೆರೆಯಲ್ಲಿ ಮೊದಲ ಸ್ಥಾನ ಒಂದೇ. ಅದು ಮಂತ್ರಿಗಳ ಭಾವಚಿತ್ರಕ್ಕೋ, ಓಡುವ ಅಕ್ಷರಗಳ ಸಂದೇಶಕ್ಕೋ, 'ನಿಮ್ಮ ಅರ್ಜಿ ಏನಾಯಿತು' ಎಂಬ ಗುಂಡಿಗೋ? ದೊಡ್ಡ ತೆರೆಯಲ್ಲಿ ಮೂರಕ್ಕೂ ಜಾಗ ಸಿಗುತ್ತದೆ, ಜಗಳ ಹುಟ್ಟುವುದಿಲ್ಲ. ಫೋನಿನಲ್ಲಿ ಯಾರಾದರೂ ನಿರ್ಧರಿಸಲೇಬೇಕು, ಮತ್ತು ನಮ್ಮ ಕಚೇರಿಗಳಲ್ಲಿ ಆ ನಿರ್ಧಾರವನ್ನು ವಿನ್ಯಾಸಕಾರನ ಕೈಗೆ ಬಿಡುವುದು ಅಪರೂಪ.

ಮೂರನೆಯದು ಆ್ಯಪ್ ಪಕ್ಷ. ಕರ್ನಾಟಕವೇ 2014ರ ಡಿಸೆಂಬರ್ 8ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರಿಂದ 'ಮೊಬೈಲ್ ಒನ್' ಉದ್ಘಾಟಿಸಿ ಎಲ್ಲ ಸೇವೆಗಳನ್ನೂ ಫೋನಿಗೆ ತರುವ ಪ್ರಯತ್ನ ಮಾಡಿತ್ತು. ಕ್ಯಾಮೆರಾ, ಸ್ಥಳದ ಗುರುತು, ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಕೆಲಸ ಇವೆಲ್ಲ ಆ್ಯಪ್‌ಗೆ ಸಲೀಸು. 2020ರಿಂದ ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ಏರಿಸುವ ಬೆಳೆ ಸಮೀಕ್ಷೆ ಆ್ಯಪ್ ಇದಕ್ಕೆ ಒಳ್ಳೆಯ ಉದಾಹರಣೆ. ಎದುರು ವಾದ ಬ್ರಿಟನ್ನಿನಿಂದ ಬಂತು. ಅಲ್ಲಿನ ಸರ್ಕಾರಿ ಡಿಜಿಟಲ್ ಸೇವಾ ವಿಭಾಗ 2013ರಲ್ಲಿ, ಚೆನ್ನಾಗಿ ಕಟ್ಟಿದ ತಾಣವಿದ್ದರೆ ಆ್ಯಪ್ ಬೇಡ ಎಂದು ಸ್ಪಷ್ಟವಾಗಿ ಹೇಳಿತು. ವರ್ಷಕ್ಕೊಮ್ಮೆ ಬೇಕಾಗುವ ಕೆಲಸಕ್ಕೆ ಯಾರೂ ಆ್ಯಪ್ ಇಟ್ಟುಕೊಳ್ಳುವುದಿಲ್ಲ ಎಂಬ ಸರಳ ಸತ್ಯ ಅದರ ಹಿಂದಿದೆ. ತುಂಬಿದ ಫೋನಿನಲ್ಲಿ ಮದುವೆಯ ವಿಡಿಯೊ ಅಳಿಸುವ ಮುನ್ನ ಇಲಾಖೆಯ ಆ್ಯಪ್ ಅಳಿಸಿಹೋಗುತ್ತದೆ.

ನಾಲ್ಕನೆಯ ನಿಲುವಿಗೆ ಪುಸ್ತಕಗಳಲ್ಲಿ ಹೆಸರಿಲ್ಲ, ಹಳ್ಳಿಯಲ್ಲಿ ಮಾತ್ರ ಅದೇ ಬಲವಾದದ್ದು. ಜನ ತಾಣವನ್ನು ಮುಟ್ಟುವುದೇ ಇಲ್ಲ, ಗ್ರಾಮ ಒನ್ ಕೇಂದ್ರಕ್ಕೋ ಝೆರಾಕ್ಸ್ ಅಂಗಡಿಗೋ ಹೋಗಿ ಓಟಿಪಿ ಹೇಳಿ ಬರುತ್ತಾರೆ. ಹಾಗಾದರೆ ತಾಣವನ್ನು ಕಟ್ಟಬೇಕಾದದ್ದು ಯಾರಿಗೆ? ವರ್ಷಕ್ಕೊಂದು ಅರ್ಜಿ ಹಾಕುವ ರೈತನಿಗೋ, ದಿನವಿಡೀ ಅರ್ಜಿ ತುಂಬುವ ಆಪರೇಟರ್‌ಗೋ? ರೈತನಿಗೆ ಒಂದು ಪುಟಕ್ಕೆ ಒಂದೇ ಪ್ರಶ್ನೆ ಬೇಕು, ಆಪರೇಟರ್‌ಗೆ ಎಲ್ಲ ಪ್ರಶ್ನೆಗಳೂ ಒಂದೇ ಪುಟದಲ್ಲಿ ಬೇಕು. ಆ್ಯಪ್ ಪಕ್ಷವಾಗಲಿ ಮಾರ್ಕೊಟ್ ಪಂಥವಾಗಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಪಹಣಿಯ ಕಾಲಂಗಳು

ಈ ವಾದಗಳ ನಿಜವಾದ ಪರೀಕ್ಷೆಗೆ ಪಹಣಿಗಿಂತ ಒಳ್ಳೆಯ ವಸ್ತು ಕರ್ನಾಟಕದಲ್ಲಿಲ್ಲ. ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಜಮೀನುದಾರರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಜಗತ್ತಿನ ಇ-ಆಡಳಿತದ ಬರಹಗಳಲ್ಲೆಲ್ಲ ಅದರ ಹೆಸರು ಓಡಾಡಿತು. ಆದರೆ ಅದು ಕಾಗದಕ್ಕೆಂದು ಹುಟ್ಟಿದ ನಮೂನೆ, ಕಾನೂನಿನ ಪ್ರಕಾರ 'ನಮೂನೆ 16'. ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದ ಅಗಲವಾದ ಹಾಳೆ.

ಅದನ್ನು 320 ಪಿಕ್ಸೆಲ್ ಅಗಲದ ತೆರೆಯಲ್ಲಿ ಹೇಗೆ ತೋರಿಸುವುದು? ಇಡೀ ಹಾಳೆಯನ್ನು ಕುಗ್ಗಿಸಿದರೆ ಓದಲಾಗದು. ಪಕ್ಕಕ್ಕೆ ಸರಿಸಿ ಓದುವಂತೆ ಮಾಡಿದರೆ ಹೆಸರು ಒಂದು ಕಡೆ, ಅವರ ವಿಸ್ತೀರ್ಣ ಇನ್ನೊಂದು ಕಡೆ ಆಗಿ ಯಾರದು ಎಷ್ಟು ಎಂಬುದೇ ತಪ್ಪುತ್ತದೆ. ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರು ಐದಾರು ಮಂದಿ ಇದ್ದರೆ ಕೇಳುವುದೇ ಬೇಡ. ಕೆಲವು ಕಾಲಂ ಮರೆಮಾಡಿದರೆ ಮರೆಯಾದದ್ದರಲ್ಲೇ ತಕರಾರು ಅಡಗಿರಬಹುದು. ಪ್ರತಿ ಖಾತೆದಾರನಿಗೆ ಒಂದೊಂದು ಚೀಟಿಯಂತೆ ಒಡೆದು ತೋರಿಸುವುದು ವಿನ್ಯಾಸಕಾರರಿಗೆ ಪ್ರಿಯವಾದ ಉಪಾಯ. ಕಂದಾಯ ಇಲಾಖೆಯವರಿಗೆ ಅದು ಹಿಡಿಸುವುದಿಲ್ಲ, ದಾಖಲೆಯ ರೂಪ ಬದಲಾದರೆ ಅದು ದಾಖಲೆಯೇ ಅಲ್ಲ ಎಂಬುದು ಅವರ ಅಂಜಿಕೆ. ಆ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ರೈತನೂ ಬ್ಯಾಂಕಿನವನೂ ಪಹಣಿಯನ್ನು ಓದುವುದು ಕಾಲಂ ಸಂಖ್ಯೆಯಿಂದ. ಹೆಸರಿಗೆ ಕಾಲಂ 9, ಸಾಲ-ಭೋಜಾಕ್ಕೆ ಕಾಲಂ 11. 'ಹನ್ನೊಂದರಾಗ ಏನೈತಿ' ಎಂದು ಕೇಳುವವನ ಮುಂದೆ ಸಂಖ್ಯೆಯಿಲ್ಲದ ಅಂದದ ಚೀಟಿ ಇಟ್ಟರೆ ಅವನು ಮತ್ತೆ ಅಂಗಡಿಗೆ ಹೋಗಿ ಕಾಗದ ತೆಗೆಸುತ್ತಾನೆ. ಮೊದಲು ಮಾಲೀಕ, ವಿಸ್ತೀರ್ಣ, ಭೋಜಾ ಮೂರನ್ನೂ ಕಾಲಂ ಸಂಖ್ಯೆಯ ಸಮೇತ ದೊಡ್ಡದಾಗಿ ತೋರಿಸಿ, ಕೆಳಗೆ ಮೂಲ ಹಾಳೆಯನ್ನು ಹಾಗೆಯೇ ಇಡುವುದು ಸರಿಯಾದ ದಾರಿ ಎಂದು ನನಗೆ ತೋರುತ್ತದೆ.

ಹುಡುಕುವ ಹಂತದಲ್ಲೂ ತೊಡಕಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರನೋಕ್, ಹಿಸ್ಸಾ ಎಂದು ಒಂದರ ಕೆಳಗೊಂದು ಆರಿಸುತ್ತ ಹೋಗಬೇಕು. ದೊಡ್ಡ ತೆರೆಯಲ್ಲಿ ಇದು ಒಂದೇ ಸಾಲು, ಫೋನಿನಲ್ಲಿ ಏಳು ಸಲ ಬೆರಳಾಡಿಸುವ ಕೆಲಸ. ಊರ ಹೆಸರು ಬರೆದು ಹುಡುಕಲು ಬಿಡಿ ಎಂದರೆ ಹುಬ್ಬಳ್ಳಿ ತಾಲ್ಲೂಕಿನಲ್ಲೂ ಒಂದು ಶಿರಗುಪ್ಪಿ ಇದೆ! ಸಾಲದ್ದಕ್ಕೆ ನಮ್ಮ ಶಿರಗುಪ್ಪಿ ಹಿಂದೆ ಅಥಣಿ ತಾಲ್ಲೂಕಿನದು, 2018ರಲ್ಲಿ ಹೊಸ ತಾಲ್ಲೂಕುಗಳು ಬಂದ ಮೇಲೆ ಕಾಗವಾಡದ್ದು. ಹಳೆಯ ಕಾಗದದಲ್ಲಿ ಅಥಣಿ ಎಂದಿರುವುದನ್ನು ನೋಡಿ ಹುಡುಕುವವನಿಗೆ ತಾಣ ದಾರಿ ತೋರಬೇಕು. ವಿನ್ಯಾಸದ ಹೆಚ್ಚಿನ ಕೆಲಸ ಇಂಥ ಕಡೆ ಇರುತ್ತದೆ, ಬಣ್ಣದಲ್ಲಿ ಅಲ್ಲ.

ಹೊಂದುವ ಚೌಕಟ್ಟು, ಹೊಂದದ ಹೂರಣ

ಇನ್ನು ಸುತ್ತೋಲೆಗಳ ಮಾತು. ಹೊಸ ತಾಣದ ಮುಖಪುಟ ಫೋನಿಗೆ ಸೊಗಸಾಗಿ ಹೊಂದುತ್ತದೆ. 'ಆದೇಶಗಳು' ಎಂಬಲ್ಲಿ ಒತ್ತಿದರೆ ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಇಳಿಯುತ್ತದೆ. ಅದು ಹಿಗ್ಗದು, ಕುಗ್ಗದು, ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೆ ಅದೊಂದು ಖಾಲಿ ಚಿತ್ರ. ಕಚೇರಿಗಳಲ್ಲಿ ಹಳೆಯ ಸಂಕೇತದಲ್ಲೇ ಬೆರಳಚ್ಚು ಮಾಡುವ ರೂಢಿ ಉಳಿದಿರುವುದು, ಸಹಿ ಮೊಹರು ಕಾಣದಿದ್ದರೆ ಆದೇಶಕ್ಕೆ ಬೆಲೆಯಿಲ್ಲ ಎಂಬ ನಂಬಿಕೆ, ಎರಡೂ ಇದಕ್ಕೆ ಕಾರಣ. ವೆಬ್ ಸುಗಮ್ಯತೆಯ 2018ರ ಅಂತರರಾಷ್ಟ್ರೀಯ ಮಾನದಂಡ 320 ಪಿಕ್ಸೆಲ್ ಅಗಲದಲ್ಲೂ ಪಕ್ಕಕ್ಕೆ ಸರಿಸದೆ ಓದಲು ಬರಬೇಕು ಎನ್ನುತ್ತದೆ. ಚೌಕಟ್ಟು ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಒಳಗಿನ ಆದೇಶ ಫೇಲಾಗುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಎಟುಕಿಸಿಕೊಳ್ಳುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿದ ಮೇಲೆ ಇದು ಬರೀ ಅಂದಚಂದದ ವಿಷಯವಾಗಿ ಉಳಿದಿಲ್ಲ.

ಕನ್ನಡ ಲಿಪಿಗೂ ತನ್ನದೇ ಬೇಡಿಕೆಗಳಿವೆ. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರದಲ್ಲಿ 'ರಾಷ್ಟ್ರ' ಎಂದು ಬರೆದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಕಚೇರಿ ಕನ್ನಡದ 'ಅನುಷ್ಠಾನಗೊಳಿಸಲಾಗುತ್ತಿರುವ' ಎಂಬ ಒಂದೇ ಪದ ಚಿಕ್ಕ ತೆರೆಯ ಸಾಲನ್ನು ನುಂಗುತ್ತದೆ. ಕನ್ನಡ ಫಾಂಟಿನ ಕಡತದಲ್ಲಿ ಒತ್ತು, ಗುಣಿತಗಳ ನೂರಾರು ಆಕೃತಿಗಳಿರುವುದರಿಂದ ತೂಕವೂ ಹೆಚ್ಚು. ಅದನ್ನು ತಾಣವೇ ಕಳಿಸಿದರೆ ಎಲ್ಲರಿಗೂ ಒಂದೇ ಅಂದ, ಆದರೆ ನಿಧಾನ. ಫೋನಿನ ಫಾಂಟನ್ನೇ ಬಳಸಿದರೆ ವೇಗ, ಆದರೆ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ರೂಪ. ನಾನು ವೇಗದ ಪರ. ಪದಗಳ ಉದ್ದಕ್ಕೆ ಮದ್ದು ತಂತ್ರಜ್ಞರಲ್ಲಿಲ್ಲ. 'ಅರ್ಜಿಯ ಸ್ಥಿತಿಗತಿಯನ್ನು ಪರಿಶೀಲಿಸಿ' ಎಂಬುದನ್ನು 'ಅರ್ಜಿ ಏನಾಯಿತು?' ಎಂದು ಬರೆಯಬಲ್ಲ ಒಬ್ಬ ಕನ್ನಡ ಬಲ್ಲವರು ತಂಡದಲ್ಲಿದ್ದರೆ ಸಾಕು. ಈಗ ಆಗುತ್ತಿರುವುದು ಇದರ ತಿರುವುಮುರುವು. ಇಂಗ್ಲಿಷಿನಲ್ಲಿ ಪುಟ ಮುಗಿಸಿ, ಕೊನೆಯ ವಾರ ಅನುವಾದಕ್ಕೆ ಕಳಿಸುತ್ತಾರೆ.

ಒಂದೇ ದಿನವೋ, ಹಂತಹಂತವೋ

ಹೊಸ ತಾಣವನ್ನು ಜನರಿಗೆ ಬಿಡುವ ಬಗೆಯಲ್ಲಿ ಎರಡು ಪಂಥ. ಮುಹೂರ್ತ ನೋಡಿ, ಗುಂಡಿ ಒತ್ತಿಸಿ, ಹಳೆಯದನ್ನು ಅದೇ ಕ್ಷಣ ಮುಚ್ಚುವವರು ಒಂದು ಕಡೆ. ಅದರ ಪರವಾಗಿಯೂ ಹೇಳಬಹುದಾದದ್ದಿದೆ: ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ನಡೆಸುವುದು ದುಬಾರಿ, ದತ್ತಾಂಶ ಎರಡು ಕಡೆ ಬೇರೆಬೇರೆಯಾಗುವ ಅಪಾಯವೂ ಇದೆ. ಆದರೆ ಇತಿಹಾಸ ಅವರ ಪರವಾಗಿಲ್ಲ. ಅಮೆರಿಕದ ಆರೋಗ್ಯ ವಿಮಾ ತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಮುಗಿಸಲು ಸಾಧ್ಯವಾದದ್ದು ಆರೇ ಮಂದಿಗೆ. ನಮ್ಮಲ್ಲಿ 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಪೋರ್ಟಲ್ ಬಂತು, ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಮರುದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಹಿರಂಗವಾಗಿ ದೂರಿದರು. ಆಗಸ್ಟ್‌ನಲ್ಲಿ ಪೋರ್ಟಲ್ ಸಿಗದೇ ಹೋದಾಗ ಸಂಸ್ಥೆಯ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿದರು. ರಿಟರ್ನ್ ಸಲ್ಲಿಕೆಯ ಗಡುವು ಡಿಸೆಂಬರ್ ಕೊನೆಯವರೆಗೂ ಜಾರಿತು. ಅದೇ ಪೋರ್ಟಲ್ ಮುಂದೆ ಕೋಟ್ಯಂತರ ರಿಟರ್ನ್‌ಗಳನ್ನು ಹೊತ್ತಿತು. ಎಂದರೆ ಎಡವಟ್ಟು ತೆರೆದ ರೀತಿಯಲ್ಲೂ ಇತ್ತು.

ಹಂತಹಂತದ ಪಂಥಕ್ಕೆ ಬ್ರಿಟನ್ನಿನ ಸರ್ಕಾರಿ ತಾಣ ಗವ್ ಯುಕೆ ಮಾದರಿ. 2011ರಲ್ಲಿ ಕಚ್ಚಾ ನಮೂನೆಯೊಂದನ್ನು ಜನರ ಮುಂದಿಟ್ಟು, 2012ರಲ್ಲಿ ಪ್ರಾಯೋಗಿಕ ತಾಣ ತೆರೆದು, ಆ ವರ್ಷದ ಅಕ್ಟೋಬರ್ 17ರಂದಷ್ಟೇ ಹಳೆಯ ತಾಣಗಳ ಜಾಗಕ್ಕೆ ಅದನ್ನು ತಂದರು. ಕರ್ನಾಟಕಕ್ಕೂ ಈ ಬುದ್ಧಿ ಹೊಸದಲ್ಲ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶವನ್ನು 2023ರಲ್ಲಿ ಮೊದಲು ಚಿಂಚೋಳಿಯ ಉಪನೋಂದಣಿ ಕಚೇರಿಯಲ್ಲಿ ಪ್ರಯೋಗಿಸಿ, ಆಮೇಲೆ ರಾಜ್ಯಕ್ಕೆ ಹರಡಿದರು. ಅದೇ ವರ್ಷ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಎಲ್ಲರೂ ಒಟ್ಟಿಗೆ ಮುಗಿಬೀಳದಿರಲೆಂದು ಎಸ್‌ಎಂಎಸ್ ಮೂಲಕ ದಿನ, ಹೊತ್ತು, ಕೇಂದ್ರ ತಿಳಿಸುವ ಏರ್ಪಾಡು ಮಾಡಿದ್ದರು. ಆದರೂ 'ಸರ್ವರ್ ಡೌನ್' ಎಂಬ ಮಾತು ಆ ತಿಂಗಳುಗಳಲ್ಲಿ ಊರೂರಿಗೂ ಪರಿಚಯವಾಯಿತು. ಯೋಜನೆಯ ಗಡುವು ರಾಜಕೀಯದ್ದಾದಾಗ ಪ್ರಯೋಗಕ್ಕೆ ಸಮಯ ಸಿಗುವುದಿಲ್ಲ.

ಗಡಿಬಿಡಿಯಲ್ಲಿ ಮೊದಲು ಬಲಿಯಾಗುವುದು ಹಳೆಯ ವಿಳಾಸಗಳು. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಳ್ಳೆಯ ವಿಳಾಸ ಬದಲಾಗಬಾರದು ಎಂದಿದ್ದರು. ಬದಲಾಗಲೇಬೇಕಾದರೆ ಹಳೆಯದನ್ನು ಒತ್ತಿದವರು ಹೊಸದಕ್ಕೆ ತಾನಾಗಿ ತಲುಪುವಂತೆ ಮಾಡುವುದು ಕಷ್ಟದ ಕೆಲಸವಲ್ಲ, ಕೂತು ಪಟ್ಟಿ ಮಾಡುವ ಬೇಸರದ ಕೆಲಸ. ಅದನ್ನು ಬಿಟ್ಟರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಪತ್ರಿಕೆಗಳಲ್ಲಿ, ನ್ಯಾಯಾಲಯದ ಅರ್ಜಿಗಳಲ್ಲಿ ಉಲ್ಲೇಖಗೊಂಡ ಆದೇಶಗಳೆಲ್ಲ ಒಂದೇ ರಾತ್ರಿಯಲ್ಲಿ 'ಪುಟ ಸಿಗಲಿಲ್ಲ' ಆಗಿಬಿಡುತ್ತವೆ.

ತೆರೆಯುವ ಕಾಲವನ್ನೂ ಊರಿನ ಲೆಕ್ಕದಲ್ಲಿ ನೋಡಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ, ಮತ್ತೆ 2021ರ ಜುಲೈಯಲ್ಲಿ, ನದಿ ದಡದ ಜನರಿಗೆ ಬೇಕಿದ್ದದ್ದು ಮೂರು ಸಂಗತಿ: ನೀರು ಎಷ್ಟು ಬಿಟ್ಟಿದ್ದಾರೆ, ಯಾವ ಸೇತುವೆ ಮುಳುಗಿದೆ, ಕಾಳಜಿ ಕೇಂದ್ರ ಎಲ್ಲಿದೆ. ಮಳೆಗಾಲದ ನಡುವೆ ಇಂಥ ತಾಣವನ್ನು ಬದಲಿಸುವುದು ತಪ್ಪು. ಬೇಸಿಗೆಯಲ್ಲಿ ಬದಲಿಸಿ, ಎರಡು ಪಟ್ಟಿ ನೆಟ್‌ವರ್ಕಿನಲ್ಲಿ, ಬ್ಯಾಟರಿ ಮುಗಿಯುತ್ತಿರುವ ಫೋನಿನಲ್ಲಿ ಅದು ತೆರೆಯುತ್ತದೆಯೇ ಎಂದು ನೋಡಿಟ್ಟುಕೊಳ್ಳಬೇಕು.

ಇನ್ನೂ ಬಗೆಹರಿಯದ್ದು

ಮೊದಲನೆಯದು ಮಧ್ಯವರ್ತಿಯ ಪ್ರಶ್ನೆ. ತಾಣ ಸರಳವಾದರೆ ಜನ ಅಂಗಡಿಗೆ ಹೋಗುವುದನ್ನು ಬಿಡುತ್ತಾರೆಯೇ, ಇಲ್ಲವೇ ಸರ್ಕಾರದ ಕಾಗದವೆಂದರೆ ಗೊತ್ತಿದ್ದವರ ಕೈಯಿಂದಲೇ ಆಗಬೇಕೆಂಬ ಭರವಸೆಯ ವಿಷಯವೇ ಇದು? ಎರಡೂ ಕಡೆ ವಾದಗಳಿವೆ, ಅಳೆದು ನೋಡಿದವರು ಕಡಿಮೆ. ಎರಡನೆಯದು ಭಾಷೆ. ಗಡಿಯ ಹಳ್ಳಿಗಳಲ್ಲಿ ಕನ್ನಡ ಆಡಿ ಮರಾಠಿ ಓದುವವರಿದ್ದಾರೆ, ಎರಡನ್ನೂ ಆಡಿ ಎರಡನ್ನೂ ಓದದವರೂ ಇದ್ದಾರೆ. ನೆರೆಯ ಎಚ್ಚರಿಕೆಯಂಥ ಜೀವದ ವಿಷಯದಲ್ಲಿ ಮೂರನೇ ಭಾಷೆಯ ಪುಟ ಇರಬೇಕೇ ಎಂಬುದನ್ನು ಭಾಷಾ ರಾಜಕಾರಣ ತಣ್ಣಗೆ ಚರ್ಚಿಸಲು ಬಿಟ್ಟಿಲ್ಲ. ಓದುವುದರ ಬದಲು ಮಾತಿನಲ್ಲೇ ಕೇಳಿ ಮಾತಿನಲ್ಲೇ ಉತ್ತರ ಪಡೆಯುವ ತಂತ್ರ ಬಂದರೆ ಪುಟದ ವಿನ್ಯಾಸದ ಪ್ರಶ್ನೆಯೇ ಹಳತಾಗಬಹುದು ಎನ್ನುವವರಿದ್ದಾರೆ. ನನಗೆ ಅನುಮಾನ. ಕಾಲಂ 11ನ್ನು ಕಿವಿಯಿಂದ ಕೇಳಿ ಯಾರೂ ಜಮೀನು ಕೊಳ್ಳುವುದಿಲ್ಲ.

ಮೂರನೆಯದು ಹಣದ್ದು, ಹೆಚ್ಚು ಚರ್ಚೆಯಾಗದ್ದೂ ಅದೇ. ಮರುವಿನ್ಯಾಸವನ್ನು ಕಟ್ಟಡ ಕಾಮಗಾರಿಯಂತೆ ಒಂದೇ ಸಲ ಟೆಂಡರ್ ಕರೆದು ಮುಗಿಸಬೇಕೇ, ಪ್ರತಿ ವರ್ಷ ಸಣ್ಣ ಮೊತ್ತವಿಟ್ಟು ತಿದ್ದುತ್ತ ಹೋಗಬೇಕೇ? ಎರಡನೆಯದೇ ಸರಿ ಎಂದು ಈ ಕ್ಷೇತ್ರದವರು ಬಹುತೇಕ ಒಪ್ಪುತ್ತಾರೆ. ಆದರೆ ಉದ್ಘಾಟನೆಯಿಲ್ಲದ ಕೆಲಸಕ್ಕೆ ಬಜೆಟ್ ತಲೆಬರಹ ಹುಡುಕುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ.

ಅಲ್ಲಿಯವರೆಗೆ ಇಲಾಖೆಗಳು ಒಂದು ಷರತ್ತನ್ನಾದರೂ ಹಾಕಬಹುದು. ಗುತ್ತಿಗೆದಾರರ ಕೊನೆಯ ಕಂತನ್ನು ಉದ್ಘಾಟನೆಯ ದಿನ ಕೊಡಬೇಡಿ. ಆರು ತಿಂಗಳು ಬಿಟ್ಟು, ತಾಲ್ಲೂಕಿನ ನಾಲ್ಕು ಊರುಗಳಲ್ಲಿ, ಸಾಧಾರಣ ಫೋನಿನಲ್ಲಿ, ಯಾರ ಸಹಾಯವೂ ಇಲ್ಲದೆ ಉತಾರವೂ ಒಂದು ಆದೇಶವೂ ಓದಲು ಬಂದ ಮೇಲೆ ಕೊಡಿ.